‘ಮಾಡಲ್ಲ’ ಬೇರೆ, ‘ಮಾಡಿಲ್ಲ’ ಬೇರೆ: ರೆಫ್ಯೂಸ್, ಡಿನೈ ಮತ್ತು ಅವುಗಳ ನೆಂಟರು

ಮುಲುಂಡ್ ಸ್ಟೇಷನ್ ಹೊರಗೆ ರಿಕ್ಷಾದವನು ಬರಲ್ಲ ಅಂದ. ಇದನ್ನು ಇಂಗ್ಲಿಷಿನಲ್ಲಿ ದೂರು ಬರೆಯಿರಿ ಅಂದರೆ, ನನ್ನ ಸಂಜೆ ಕ್ಲಾಸಿಗೆ ಬರುವ ಹೆಚ್ಚಿನವರು ‘ಹಿ ಡಿನೈಡ್ ಟು ಕಮ್’ ಎಂದೇ ಬರೆಯುತ್ತಾರೆ. ಮುಂಬೈಯ ಆಫೀಸ್ ಮೇಲ್‌ಗಳಲ್ಲೂ ಇದು ರಾಜಾರೋಷವಾಗಿ ಓಡಾಡುತ್ತದೆ. ಆದರೂ ತಪ್ಪೇ.

ನಿಘಂಟು ತೆಗೆದರೆ ರೆಫ್ಯೂಸ್, ಡಿನೈ, ರಿಜೆಕ್ಟ್ ಎಲ್ಲಕ್ಕೂ ‘ನಿರಾಕರಿಸು’ ಎಂದು ಸಿಗುತ್ತದೆ. ಆ ಪದವನ್ನು ಸದ್ಯಕ್ಕೆ ಬದಿಗಿಡಿ. ಮನೆಮಾತಿನಲ್ಲಿ ಯೋಚಿಸಿ. ‘ಮಾಡಲ್ಲ’ ಅಂದರೆ ರೆಫ್ಯೂಸ್. ‘ಮಾಡಿಲ್ಲ’ ಅಂದರೆ ಡಿನೈ. ರಿಕ್ಷಾದವನು ಬರಲ್ಲ ಅಂದ, ಅಂದರೆ ‘ರೆಫ್ಯೂಸ್ಡ್ ಟು ಕಮ್’. ಆಮೇಲೆ ಪೊಲೀಸರ ಮುಂದೆ ‘ನಾನು ಹಾಗೆ ಅಂದೇ ಇಲ್ಲ ಸಾಹೇಬ್ರೇ’ ಅಂದರೆ ‘ಡಿನೈಡ್ ರೆಫ್ಯೂಸಿಂಗ್’. ರೆಫ್ಯೂಸ್ ಜೊತೆ ‘ಟು’ ಬರುತ್ತದೆ. ಡಿನೈ ಜೊತೆ ‘ಇಂಗ್’ ರೂಪ ಅಥವಾ ‘ದಟ್’ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಮೂ ಪ್ರಯಾಣಿಕರನ್ನು ಒಯ್ಯಲು ಒಪ್ಪದವರ ಬಗ್ಗೆ ಹೇಳುವಾಗ ರೆಫ್ಯೂಸ್ ಎಂದೇ ಬರೆದಿದೆ.

ಡಿನೈಗೆ ಇನ್ನೊಂದು ಕೆಲಸವೂ ಇದೆ. ಕೇಳಿದ್ದು ಸಿಗದಿದ್ದಾಗ ‘ಹಿ ವಾಸ್ ಡಿನೈಡ್ ಎಂಟ್ರಿ’ ಅನ್ನಬಹುದು. ಇಲ್ಲೂ ‘ಟು’ ಇಲ್ಲ, ಗಮನಿಸಿ.

ಡಿಕ್ಲೈನ್ ಮರ್ಯಾದೆಯ ‘ಬೇಡ’. ಮಾಟುಂಗಾದ ಊಟದ ಮನೆಯಲ್ಲಿ ಇನ್ನೊಂದು ಸೌಟು ಸಾರು ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅಂತೀವಲ್ಲ, ಅದು. ಫೋನಿನಲ್ಲಿ ಕರೆ ಕಟ್ ಮಾಡುವ ಕೆಂಪು ಬಟನ್ನಿಗೂ ಇದೇ ಹೆಸರು. ಕಟ್ ಮಾಡಿದವರ ಮನಸ್ಸಿನಲ್ಲಿ ಮರ್ಯಾದೆ ಇರುತ್ತದೋ ಇಲ್ಲವೋ, ಅದು ಬೇರೆ ಮಾತು. ರಿಜೆಕ್ಟ್ ಅಂದರೆ ನೋಡಿ, ಇದಾಗದು ಎಂದು ತಳ್ಳಿಹಾಕುವುದು: ಅರ್ಜಿ, ಟೆಂಡರ್, ಕೆಟ್ಟ ಮಾಲು. ‘ರಿಜೆಕ್ಟೆಡ್ ಟು ಗೋ’ ಅನ್ನಬೇಡಿ.

ಅವಾಯ್ಡ್‌ನಲ್ಲಿ ಯಾರಿಗೂ ‘ಇಲ್ಲ’ ಅನ್ನಬೇಕಿಲ್ಲ. ಎದುರಾಗದ ಹಾಗೆ ನೋಡಿಕೊಂಡರೆ ಆಯಿತು. ಬೆಳಿಗ್ಗೆ ಒಂಬತ್ತರ ಫಾಸ್ಟ್ ಲೋಕಲ್ ಬಿಟ್ಟು ಬೇಗ ಹೊರಡುವವರು ಹೇಳಬೇಕಾದ್ದು ‘ಐ ಅವಾಯ್ಡ್ ಟ್ರಾವೆಲಿಂಗ್ ಅಟ್ ನೈನ್’. ‘ಟು ಟ್ರಾವೆಲ್’ ಅಲ್ಲ. ಇವೇಡ್ ಅಂದರೆ ನುಣುಚಿಕೊಳ್ಳುವುದು. ಅದರಲ್ಲಿ ಸ್ವಲ್ಪ ಕಳ್ಳತನದ ವಾಸನೆ ಇದೆ. ಕಾನೂನಿನ ಒಳಗೇ ದಾರಿ ಹುಡುಕಿ ತೆರಿಗೆ ತಗ್ಗಿಸಿಕೊಂಡರೆ ಟ್ಯಾಕ್ಸ್ ಅವಾಯ್ಡೆನ್ಸ್. ಆದಾಯ ಮುಚ್ಚಿಟ್ಟರೆ ಟ್ಯಾಕ್ಸ್ ಇವೇಷನ್, ಅದು ಅಪರಾಧ. ಇವೆರಡನ್ನು ಅದಲುಬದಲು ಮಾಡಿ ಯಾರ ಮೇಲೂ ಪತ್ರ ಬರೆಯಬೇಡಿ, ಜಗಳ ಗ್ಯಾರಂಟಿ.

ಈಗ ನೀವೇ ಬರೆದು ನೋಡಿ. ಮೇಲಿನ ಫ್ಲ್ಯಾಟಿನವರು ಸೋರಿಕೆ ರಿಪೇರಿ ಮಾಡಿಸಲ್ಲ ಅಂದರು. ನಮ್ಮ ಬಾತ್‌ರೂಮ್ ಸೋರುತ್ತಲೇ ಇಲ್ಲ ಅಂದರು. ಈಗ ನಮ್ಮನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಮೂರಕ್ಕೂ ಮೂರು ಬೇರೆ ಪದ ಬೇಕು.