ಎರಡು ಕೈ, ನಾಲ್ಕು ಕೀಬೋರ್ಡ್, ಕಾಕಾನ ಪೇಟಿ

ಸೌಂಡ್ ಚೆಕ್‌ಗೆ ಕೀಬೋರ್ಡ್ ಹೊತ್ತು ಮೆಟ್ಟಿಲು ಹತ್ತುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಸಾರ್, ಒಂದರಲ್ಲೇ ಸಾವಿರ ಟೋನ್ ಬರುತ್ತಲ್ಲ, ನಾಲ್ಕು ಯಾಕೆ?" ಪ್ರಶ್ನೆ ತಪ್ಪೇನಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಹನ್ನೆರಡು ವರ್ಷ ನಾನೂ ಒಂದೇ ಕೀಬೋರ್ಡಿನಲ್ಲಿ ಶಹನಾಯಿ, ಕೊಳಲು, ಪಿಟೀಲು, ಕೊನೆಗೆ ಪೊಲೀಸ್ ಸೈರನ್ನನ್ನೂ ನುಡಿಸಿದವನೇ.

ನಾಲ್ಕು ಯಾಕೆ ಅಂತ ತಿಳಿದದ್ದು ಇಂಗ್ಲೆಂಡಿನ ರಾಕ್ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ಹುಚ್ಚು ಹಿಡಿದ ಮೇಲೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಗೆಳೆಯನ ರೂಮಿನಲ್ಲಿ ಅವರ 1973ರ ‘ದಿ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದಿ ಎಯ್ತ್’ ಕ್ಯಾಸೆಟ್ ಕೇಳಿದೆ. ಹಾಡಿನ ಸಾಲುಗಳಿಲ್ಲ. ಪಿಯಾನೊ ಮುಗಿಯುವ ಮೊದಲೇ ಆರ್ಗನ್ ನುಗ್ಗುತ್ತದೆ, ಅದರ ಬೆನ್ನಿಗೇ ಸಿಂಥ್, ಅಂದರೆ ಕರೆಂಟಿನಿಂದ ನಾದ ಹುಟ್ಟಿಸುವ ಸಿಂಥಸೈಜರ್. ಕೀಬೋರ್ಡ್ ಎಲ್ಲ ಒಬ್ಬನದೇ ಅಂತ ಗೆಳೆಯ ಹೇಳಿದಾಗ ನಂಬಲಿಲ್ಲ.

ವೇಕ್‌ಮನ್ ಹುಟ್ಟಿದ್ದು 1949ರಲ್ಲಿ, ಲಂಡನ್ನಿನಲ್ಲಿ. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿ, ಓದು ಮುಗಿಸದೆ ಬಿಟ್ಟು, ಸ್ಟುಡಿಯೊಗಳಲ್ಲಿ ಕೂಲಿಗೆ ನುಡಿಸಲು ಹೋದರು. 1969ರಲ್ಲಿ ಗಾಯಕ ಡೇವಿಡ್ ಬೋವಿ ಅವರ ‘ಸ್ಪೇಸ್ ಆಡಿಟಿ’ ಹಾಡಿಗೆ ಮೆಲೊಟ್ರಾನ್ ಎಂಬ, ಟೇಪಿನಿಂದ ನಾದ ಹೊರಡಿಸುವ ಕೀಬೋರ್ಡ್ ನುಡಿಸಿದರು. 1971ರಲ್ಲಿ ಯೆಸ್ ಎಂಬ ರಾಕ್ ಬ್ಯಾಂಡ್ ಸೇರಿದರು, 1974ರಲ್ಲಿ ಬಿಟ್ಟರು, ಆಮೇಲೆ ಮತ್ತೆ ಸೇರಿದರು, ಮತ್ತೆ ಬಿಟ್ಟರು. ಅದೊಂದು ದೊಡ್ಡ ಕಥೆ, ಬಿಡಿ. ವೇದಿಕೆಯಲ್ಲಿ ಬೆಳ್ಳಿ ಹೊಳಪಿನ ಉದ್ದನೆಯ ನಿಲುವಂಗಿ, ಸುತ್ತ ಕೋಟೆಯ ಹಾಗೆ ಕೀಬೋರ್ಡ್‌ಗಳು. ಎಲ್ಲ ಬರೀ ಶೋಕಿ ಅಂದುಕೊಂಡಿದ್ದೆ.

ಶೋಕಿ ಇತ್ತು, ಆದರೆ ಅದಕ್ಕಿಂತ ಗತಿಯಿಲ್ಲದಿರುವಿಕೆ ಜಾಸ್ತಿ ಇತ್ತು. 1970ರಲ್ಲಿ ಬಂದ ಮಿನಿಮೂಗ್ ಎಂಬ ಸಿಂಥ್‌ಗೆ ನೆನಪಿನ ಶಕ್ತಿಯೇ ಇಲ್ಲ. ಒಂದು ನಾದ ಬೇಕೆಂದರೆ ಹತ್ತಾರು ಗುಂಡಿ ತಿರುಗಿಸಿ ಹೊಂದಿಸಬೇಕು. ಹಾಡಿನ ನಡುವೆ ಬೇರೆ ನಾದ ಬೇಕಾದರೆ ಬೇರೆ ಮಿನಿಮೂಗ್ ಬೇಕು. ಅದಕ್ಕೇ ಅವರ ಹತ್ತಿರ ಎರಡೆರಡು ಇರುತ್ತಿದ್ದವು. ಗುಂಡಿ ಒತ್ತಿದರೆ ಉಳಿಸಿಟ್ಟ ನಾದ ಬರುವ ಪ್ರಾಫೆಟ್-5 ಸಿಂಥ್ ಬಂದದ್ದು 1978ಕ್ಕೆ. ಅಷ್ಟರಲ್ಲಿ ಇವರ ಮುಖ್ಯ ಕೆಲಸವೆಲ್ಲ ಮುಗಿದಿತ್ತು.

ನಮ್ಮ ರಾಕ್ ಬ್ಯಾಂಡ್ ಶುರುವಾದಾಗ ನಾನು 61 ಕೀಗಳ ಒಂದೇ ಕೀಬೋರ್ಡಿನಲ್ಲಿ ಎಲ್ಲ ಟೋನ್ ತುಂಬಿಕೊಂಡು ಹೋದೆ. ಸ್ವರ ಸರಿ, ತಾಳ ಸರಿ, ಆದರೆ ರೆಕಾರ್ಡಿಂಗ್ ಕೇಳಿದರೆ ಅದೇ ಪೆಂಡಾಲಿನ ಆರ್ಕೆಸ್ಟ್ರಾ. ತಪ್ಪು ಎಲ್ಲಿದೆ ಅಂತ ಹುಡುಕಲು ಒಂದು ವರ್ಷ ಹಿಡಿಯಿತು. ತಪ್ಪು ನನ್ನ ಬೆರಳಲ್ಲಿತ್ತು.

ನಾನು ಧಾರವಾಡದವನು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ನಮ್ಮ ಕಾಕಾ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರು. ಕಾಲಿನಿಂದ ತಿದಿ ಒತ್ತುವ ದೊಡ್ಡ ಪೇಟಿ ಅವರದ್ದು. ಸ್ವರ ಕಡಿಯಬಾರದು, ಮುಂದಿನ ಕೀ ಒತ್ತಿದ ಮೇಲೇ ಹಿಂದಿನದನ್ನು ಬಿಡು ಅಂತ ಕಲಿಸಿದ್ದರು. ಹಾಗೇ ರೂಢಿಯಾಗಿತ್ತು.

ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುತ್ತದೆ. ಎರಡು ಕೀ ಒಟ್ಟಿಗೆ ಒತ್ತಿದರೆ ಅದು ಕೇಳುವುದು ಕೆಳಗಿನ ಸ್ವರದ ಮಾತನ್ನು. ಈ ವಿಷಯ ಗೊತ್ತಾದ ಮೇಲೆ ಲ್ಯಾಪ್‌ಟಾಪ್‌ನಲ್ಲಿದ್ದ ಮಿನಿಮೂಗ್ ನಕಲಿನ ಸೆಟ್ಟಿಂಗ್ ಅನ್ನೂ ಹಾಗೇ ಬದಲಿಸಿದೆ. ಅಷ್ಟೇ, ನನ್ನ ಕೈ ಕಟ್ಟಿದಂತಾಯಿತು! ಆರೋಹದಲ್ಲಿ ಪೇಟಿ ರೂಢಿಯಂತೆ ಹಿಂದಿನ ಕೀ ಹಿಡಿದೇ ಇದ್ದರೆ ಮೇಲಿನ ಸ್ವರ ತಡವಾಗಿ, ಎಡವಿಕೊಂಡು ಬರುತ್ತದೆ. ಅವರೋಹ ಮಾತ್ರ ಬೆಣ್ಣೆಯ ಹಾಗೆ ಜಾರುತ್ತದೆ. ವೇಕ್‌ಮನ್ ಏರುವಾಗ ಒಂದೊಂದು ಸ್ವರವನ್ನೂ ಮುತ್ತು ಪೋಣಿಸಿದ ಹಾಗೆ ಬಿಡಿಸಿ ನುಡಿಸುವುದು ಯಾಕೆ ಅಂತ ಆಗ ಅರ್ಥವಾಯಿತು. ಮೂರು ತಿಂಗಳು ಬರೀ ಆರೋಹ ಮಾಡಿದೆ. ಮನೆಯವರು ಅಲಂಕಾರ ಪಾಠ ಮತ್ತೆ ಶುರುವಾಯ್ತಾ ಅಂತ ನಕ್ಕರು.

ಒಂದೇ ಸ್ವರ ಎನ್ನುವುದಕ್ಕೆ ಇನ್ನೊಂದು ಕಥೆ ಇದೆ. ವೇಕ್‌ಮನ್ ತಮ್ಮ ಮೊದಲ ಮಿನಿಮೂಗ್ ಅನ್ನು ಜ್ಯಾಕ್ ವೈಲ್ಡ್ ಎಂಬ ನಟನಿಂದ ಅರ್ಧ ಬೆಲೆಗೆ ಕೊಂಡೆ ಅನ್ನುತ್ತಾರೆ. ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿದೆಯಲ್ಲ, ಕೆಟ್ಟಿರಬೇಕು ಅಂತ ಆತ ಮಾರಿಬಿಟ್ಟನಂತೆ.

ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್‌ನದು ಇನ್ನೊಂದು ಪಾಠ. ಅದರೊಳಗೆ 91 ಹಲ್ಲುಚಕ್ರಗಳು ಒಟ್ಟಿಗೆ ತಿರುಗುತ್ತಿರುತ್ತವೆ. ಒಂಬತ್ತು ಡ್ರಾಬಾರ್‌ಗಳನ್ನು ಪೇಟಿಯ ಸ್ಟಾಪರ್ ಹಾಗೆ ಎಳೆದು ನಾದ ಕಟ್ಟಬೇಕು. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು ನಿಜವಾದ ಡ್ರಾಬಾರ್ ಇರುವ ಹಗುರದ ಕೀಬೋರ್ಡ್. ಹ್ಯಾಮಂಡ್‌ನ ಅಸಲಿ ಬಿ-3 ಮಾದರಿ ಎತ್ತಲು ನಾಲ್ಕು ಜನ ಬೇಕು. ಮೊದಲ ಮೂರು ಡ್ರಾಬಾರ್ ಪೂರ್ತಿ ಎಳೆದು, ‘ಪರ್ಕಷನ್’ ಗುಂಡಿ ಒತ್ತಿದರೆ ಸ್ವರದ ಮೊದಲಿಗೆ ಟಕ್ ಅನ್ನುವ ಪೆಟ್ಟು ಬರಬೇಕು. ನನಗೆ ಒಂದೇ ಸಲ ಬಂದು ಮಾಯವಾಗುತ್ತಿತ್ತು. ಕೀಬೋರ್ಡ್ ಕೆಟ್ಟಿದೆ ಅಂತ ರಿಪೇರಿಗೂ ಕೊಟ್ಟೆ, ನಾಚಿಕೆಗೇಡು. ಬೆರಳೆಲ್ಲ ಎತ್ತಿದ ಮೇಲೆ ಮಾತ್ರ ಮುಂದಿನ ಪೆಟ್ಟು ಬರುವುದು ಹ್ಯಾಮಂಡ್‌ನ ಸ್ವಭಾವ. ಮತ್ತೆ ಅದೇ ಪೇಟಿ ಬೆರಳು!

ಇನ್ನೊಂದು ಕೊರತೆ ಉಳಿದೇ ಇತ್ತು. ಹ್ಯಾಮಂಡ್ ಕೀ ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಒಂದೇ. ಏರಿಳಿತ ಬರುವುದು ಕಾಲಡಿಯ ಪೆಡಲ್‌ನಿಂದ. ನಾನು ಅದನ್ನು ಒಮ್ಮೆ ಒತ್ತಿ ಇಟ್ಟು ಮರೆತುಬಿಡುತ್ತಿದ್ದೆ. ಒಂದು ಸಲ ಕಾಕಾ ಪ್ರಾಕ್ಟೀಸ್ ನೋಡಲು ಬಂದಿದ್ದರು. ಸ್ವಲ್ಪ ಹೊತ್ತು ಕೇಳಿ, "ಕಾಲು ಯಾಕ ಸುಮ್ನ ಇಟ್ಟೀಯೋ? ಉಸಿರು ಎಲ್ಲಿಂದ ಬರತೈತಿ?" ಅಂದರು. ಚಪ್ಪಲಿ ಬಿಟ್ಟು ಕೂತು ತಾವೇ ನುಡಿಸಿದರು. ರಾಕ್ ಅಲ್ಲ, ಯಾವುದೋ ನಾಟಕದ ಪದ. ಆದರೆ ಪಾದ ತಿದಿ ಒತ್ತಿದ ಹಾಗೆ ಅಲುಗುತ್ತಲೇ ಇತ್ತು, ಆ ಸದ್ದು ಕ್ಯಾಸೆಟ್‌ನಲ್ಲಿ ಕೇಳಿದ್ದ ಸದ್ದಿಗೆ ನನ್ನದಕ್ಕಿಂತ ಹತ್ತಿರ ಇತ್ತು.

ಮೆಲೊಟ್ರಾನ್ ಮಾತ್ರ ನನಗೆ ಪೂರ್ತಿ ಒಲಿದಿಲ್ಲ. ಬರ್ಮಿಂಗ್‌ಹ್ಯಾಮ್ ಬಳಿ ತಯಾರಾಗುತ್ತಿದ್ದ ಈ ಯಂತ್ರದ ಎಂ400 ಮಾದರಿಯಲ್ಲಿ 35 ಕೀಗಳು. ಒಂದೊಂದು ಕೀಗೂ ಒಂದೊಂದು ಟೇಪು. ನಿಜವಾದ ಪಿಟೀಲು, ಕೊಳಲು, ಗಾಯನವೃಂದದ ರೆಕಾರ್ಡಿಂಗ್ ಅದರಲ್ಲಿ. ಟೇಪು ಓಡುವುದು ಎಂಟು ಸೆಕೆಂಡ್ ಮಾತ್ರ. ಆಮೇಲೆ ಮೌನ. ಬೆರಳೆತ್ತಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಅದರ ಕಾಟ ತಾಳದೆ ವೇಕ್‌ಮನ್ ತಮ್ಮದನ್ನು ಸುಟ್ಟೇ ಹಾಕಿದ್ದಾಗಿ ಹೇಳಿಕೊಂಡಿದ್ದಾರೆ. ನನ್ನ ಸಾಫ್ಟ್‌ವೇರ್‌ನಲ್ಲಿ ಸ್ವರ ಎಷ್ಟು ಹೊತ್ತಾದರೂ ನಿಲ್ಲುತ್ತಿತ್ತು. ಆ ಸೌಲಭ್ಯ ಆಫ್ ಮಾಡಿಬಿಟ್ಟೆ. ಈಗ ಎಡಗೈಯಲ್ಲಿ ಎಣಿಸುತ್ತ, ಎಂಟು ಆಗುವ ಮೊದಲೇ ಒಂದೊಂದೇ ಬೆರಳು ಬದಲಿಸುತ್ತೇನೆ, ಜೇಡ ನಡೆದ ಹಾಗೆ. ಎಲ್ಲ ಬೆರಳು ಒಟ್ಟಿಗೆ ಎತ್ತಿದರೆ ತೂತು ಬೀಳುತ್ತದೆ. ಒಂದೊಂದಾಗಿ ಎತ್ತಿದರೆ ಗಾಯನವೃಂದ ಸರದಿಯಲ್ಲಿ ಉಸಿರು ತೆಗೆದುಕೊಂಡ ಹಾಗೆ ಕೇಳಿಸುತ್ತದೆ.

ಕಳೆದ ವರ್ಷ ಒಂದು ಪಬ್‌ನಲ್ಲಿ ಶೋ. ಜನರೇಟರ್‌ಗೆ ಬದಲಾಯಿಸುವಾಗ ಕರೆಂಟ್ ಜಿಗಿದು ಲ್ಯಾಪ್‌ಟಾಪ್ ಜೊತೆಗಿದ್ದ ಆಡಿಯೊ ಪೆಟ್ಟಿಗೆ ಸತ್ತಿತು. ಮಿನಿಮೂಗ್ ಇಲ್ಲ, ಮೆಲೊಟ್ರಾನ್ ಇಲ್ಲ. ಉಳಿದ ಇಪ್ಪತ್ತು ನಿಮಿಷ ಬರೀ ಆರ್ಗನ್ ಮತ್ತು ಪೆಡಲ್. ಬೆವರು ಇಳಿದು ಹೋಯಿತು, ಆದರೆ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಡ್ರಮ್ಮರ್ ಹುಡುಗ ಪರೋಟ ತರಿಸಿದ. 1973ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೇಕ್‌ಮನ್ ಶೋ ನಡುವೆಯೇ, ತನಗೆ ಕೆಲಸವಿಲ್ಲದ ಭಾಗದಲ್ಲಿ, ಕೀಬೋರ್ಡ್ ಮೇಲೇ ತಟ್ಟೆ ಇಟ್ಟು ಚಿಕನ್ ವಿಂಡಾಲೂ ತಿಂದ ಕಥೆ ಅವನಿಗೆ ಹೇಳಿದೆ. "ನಿಮಗೆ ಇವತ್ತು ಅಷ್ಟು ಪುರುಸೊತ್ತು ಎಲ್ಲಿತ್ತು ಅಣ್ಣ" ಅಂದ. ನನ್ನ ಬಲಗಾಲಿನ ಮೀನಖಂಡ ಇನ್ನೂ ನಡುಗುತ್ತಿತ್ತು.