ಕತೆ ನಡುವೆ ನಿಂತಾಗ ಹಿಂದಕ್ಕೆ ಹೋಗಿ ನೋಡುತ್ತೇನೆ

ಏಳೆಂಟು ಪುಟವಾದ ಮೇಲೆ ಮುಂದಿನ ಸಾಲು ಹೊಳೆಯದಿದ್ದರೆ ನಾನು ಆ ಪುಟದಲ್ಲೇ ತಿಣುಕುತ್ತ ಕೂಡುವುದಿಲ್ಲ. ತೊಡಕು ಸಾಮಾನ್ಯವಾಗಿ ಎರಡು ಮೂರು ಪುಟ ಹಿಂದೆಯೇ ಇರುತ್ತದೆ. ಮೊದಲಿನಿಂದ ಗಟ್ಟಿಯಾಗಿ ಓದುತ್ತ, ಪ್ರತಿ ಸನ್ನಿವೇಶದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯುತ್ತೇನೆ: ಇಲ್ಲಿ ಯಾರಿಗೆ ಏನು ಬೇಕು, ಅಡ್ಡ ಬಂದವರು ಯಾರು? ಆ ಸಾಲು ಎಲ್ಲಿ ಬರೆಯಲಿಕ್ಕೆ ಬರುವುದಿಲ್ಲವೋ ಕತೆ ಅಲ್ಲೇ ನಿಂತಿದೆ. ಆಮೇಲಿನದು ಬರೀ ವರದಿ.

ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವ ಮಗ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ತನ್ನೂರಿಗೆ ಬರುತ್ತಾನೆ ಅನ್ನೋಣ. ಹೊರಸಿನ ಮೇಲೆ ಕೂಡುತ್ತಾನೆ, ಚಹಾ ಕುಡಿಯುತ್ತಾನೆ, ಊರ ಸುದ್ದಿ ಕೇಳುತ್ತಾನೆ. ನಾಲ್ಕು ಪುಟ ತುಂಬಿದರೂ ಯಾರೂ ಯಾರಿಗೂ ಇಲ್ಲ ಅಂದಿಲ್ಲ. ಗುಳೆ ಹೋದವರ ಕತೆಗಳು ನಮ್ಮ ಕಡೆ ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಬಂದವನಿಗೆ ನೆನಪು ಬೇಕಾದಷ್ಟಿರುತ್ತವೆ, ಬೇಡಿಕೆ ಇರುವುದಿಲ್ಲ.

ಇಂಥಲ್ಲಿ ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳುತ್ತೇನೆ. ತೊಗರಿ ಬಿತ್ತುವುದು ಜೂನ್, ಜುಲೈಯಲ್ಲಿ. ರಾಶಿ ಡಿಸೆಂಬರ್, ಜನವರಿ ಹೊತ್ತಿಗೆ. ಮಗ ಜನವರಿ ಕೊನೆಗೆ ಬಂದರೆ ಚೀಲ ಮನೆಯಲ್ಲಿವೆ. ಈಗಲೇ ಮಾರುವುದೋ, ದರ ಏರುವ ತನಕ ಕಾಯುವುದೋ ಎಂಬ ಜಗಳ ತಾನಾಗಿ ಹುಟ್ಟುತ್ತದೆ. ನವೆಂಬರಿನಲ್ಲಿ ಬಂದರೆ ಹೊಲ ಹೂವಿನಲ್ಲಿದೆ. ಮೋಡ ಕವಿದು ಮಂಜು ಬಿದ್ದರೆ ಹೂ ಉದುರುತ್ತದೆ, ಕಾಯಿಕೊರಕ ಹುಳದ ಹಾವಳಿ ಹೆಚ್ಚುತ್ತದೆ. ಅಪ್ಪನ ಕೈಯಲ್ಲಿರುವ ರೊಕ್ಕ ಬೆಳೆಗೆ ಕೀಟನಾಶಕ ಹೊಡೆಯಲಿಕ್ಕೇ ಸಾಲದು, ಮಗ ಕೇಳಿದರೆ ಕೊಡುವುದೆಲ್ಲಿಂದ? ಇವು ಎರಡು ಬೇರೆ ಕತೆಗಳು. "ಒಂದು ದಿನ" ಎಂದು ಬರೆದು ಬಿಟ್ಟರೆ ಎರಡೂ ಕೈಗೆ ಸಿಗುವುದಿಲ್ಲ.

ಆಮೇಲೆ ಇಬ್ಬರ ಕೈಗೂ ಕೆಲಸ ಕೊಡುತ್ತೇನೆ. ಹೊರಸಿನ ಮೇಲೆ ಕೂತವರು ಭಾಷಣ ಮಾಡುತ್ತಾರೆ. ಅವರನ್ನೇ ಹೊಲಕ್ಕೆ ಕಳಿಸಿ, ಬುಡಕ್ಕೆ ಬಟ್ಟೆ ಹಾಸಿ ಗಿಡ ಅಲ್ಲಾಡಿಸಿ ಹುಳ ಉದುರಿಸಲು ಹಚ್ಚಿದರೆ ಮಾತು ತುಂಡಾಗುತ್ತದೆ:

"ಯಪ್ಪಾ, ರೊಕ್ಕದ್ದು ಏನ್ ಮಾಡ್ದಿ?"

"ಅರಿವಿ ಸರಿಯಾಗಿ ಹಿಡಿ."

ಇಷ್ಟರಲ್ಲೇ ನಿರಾಕರಣೆ ಬಂತು. ಇದನ್ನೇ ಪುಸ್ತಕದ ಕನ್ನಡದಲ್ಲಿ ಬರೆದರೆ ಅಪ್ಪ ಪೂರ್ತಿ ವಾಕ್ಯಗಳಲ್ಲಿ ತನ್ನ ಕಷ್ಟ ವಿವರಿಸಿಬಿಡುತ್ತಾನೆ, ಮಗನಿಗೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ.

ಈ ಸನ್ನಿವೇಶವನ್ನು ಅರ್ಧರ್ಧ ಪುಟದಂತೆ ಮೂರು ಬಗೆಯಲ್ಲಿ ಬರೆಯುತ್ತೇನೆ: ಅಪ್ಪ ಒಲ್ಲೆ ಅನ್ನುವುದು, ಅವ್ವ ನಡುವೆ ಬರುವುದು, ಮಗ ಕೇಳಲಾರದೆ ತಿರುಗಿ ಹೋಗುವುದು. ಅವನು ಅಂದು ರಾತ್ರಿ ಏನು ಮಾಡುತ್ತಾನೆಂದು ಯಾವುದು ಹೇಳುತ್ತದೋ ಅದನ್ನು ಇಟ್ಟುಕೊಳ್ಳುತ್ತೇನೆ. ಅಪಘಾತ, ಸಾವು, ಹೊಸ ಪಾತ್ರ ತಂದು ಕತೆ ಎಬ್ಬಿಸಲು ಹೋಗಬೇಡಿ. ಮೂಲ ಪಾತ್ರಕ್ಕೆ ಬೇಡಿಕೆ ಇಲ್ಲದಿದ್ದರೆ ಎರಡೇ ಪುಟದಲ್ಲಿ ಮತ್ತೆ ನಿಲ್ಲುತ್ತದೆ.

ವರದಿಯಾದ ಪುಟಗಳನ್ನು ಹರಿಯದೆ ಬೇರೆ ತೆಗೆದಿಡುತ್ತೇನೆ. ಅದರಲ್ಲಿನ ಒಂದೆರಡು ವಿವರ ಮುಂದೆ ಬೇಕಾಗುತ್ತವೆ. ದಿನದ ಬರವಣಿಗೆ ನಿಲ್ಲಿಸುವಾಗ ಮರುದಿನದ ಮೊದಲ ಮಾತನ್ನು ಕೆಳಗೆ ಗುರುತು ಹಾಕಿಟ್ಟು ಏಳುತ್ತೇನೆ.