ಮನೆ ಪಿಕಪ್ಪಿಗೆ ಗತ್ತೂ ಬರ್ಬೇಕು, ಕೆಸರಲ್ಲೂ ಹೋಗ್ಬೇಕು ಅಂದ್ರೆ

ನಮ್ಮನೇಲಿರೋದು ಹಳೇ ಇಸುಝು ವಿ-ಕ್ರಾಸ್, 2.5 ಲೀಟರ್ ಡೀಸೆಲ್, ಫೋರ್ ವೀಲ್ ಡ್ರೈವ್. ಬೆಳಿಗ್ಗೆ ತೋಟಕ್ಕೆ ಗೊಬ್ಬರ ಹೊರತ್ತೆ, ಮಧ್ಯಾಹ್ನ ಅಮ್ಮನ್ನ ಸಕಲೇಶಪುರಕ್ಕೆ ಕರ್ಕೊಂಡ್ ಹೋಗತ್ತೆ. ಹಂಗಾಗಿ ನನ್ನ ಲೆಕ್ಕ ಒಂದೇ, ಏನೇ ಹಾಕ್ಸಿದ್ರೂ ಅಮ್ಮ ಸೀರೆ ಉಟ್ಕೊಂಡು ಆರಾಮಾಗಿ ಹತ್ತೋ ಹಂಗಿರ್ಬೇಕು.

ದುಡ್ಡು ಮೊದ್ಲು ಟಯರಿಗೆ ಹಾಕಿ. ಹೈವೇ ಟಯರಲ್ಲಿ ನಮ್ಮ ಕೆಂಪು ಜೇಡಿ ಒಂದ್ಸಲ ಟಯರ್ ಬಟನ್ ಸಂದಿ ಒಳಗೆ ತುಂಬ್ಕೊಂಡ್ರೆ ಮುಗೀತು, ರಬ್ಬರ್ ಅಲ್ಲ ಬೋಳು ಮಡಕೆ ಉರುಳ್ದಂಗೆ ಜಾರತ್ತೆ. ಟಾರಿಗೂ ಮಣ್ಣಿಗೂ ಆಗೋ ಆಲ್ ಟೆರೇನ್ ಟಯರ್ ಸಾಕು, ಮಡ್ ಟಯರ್ ಟಾರ್ ರೋಡಲ್ಲಿ ಗುಂಯ್ ಅಂತ ಸದ್ದು ಮಾಡತ್ತೆ. ನಮ್ದು 255/60 ಆರ್18 ಇತ್ತು, 265/60 ಹಾಕ್ಸಿದೆ, ಫಾರ್ಚೂನರಿಗೂ ಇದೇ ಸೈಜ್ ಬರೋದ್ರಿಂದ ಸುಲಭಕ್ಕೆ ಸಿಗತ್ತೆ. ಗಾಡಿ ಎತ್ತರ ಆಗೋದು ಬರೀ 6 ಮಿಲಿಮೀಟರ್, ಆದ್ರೆ ನೋಡೋಕೆ ಅಗಲ ಕಾಣ್ಸತ್ತೆ, ಗತ್ತು ಅರ್ಧ ಅಲ್ಲೇ ಬಂತು. ಸ್ಟೇರಿಂಗ್ ಎರಡೂ ಕಡೆ ಫುಲ್ ತಿರುಗ್ಸಿ ಎಲ್ಲಾದ್ರೂ ಉಜ್ಜತ್ತಾ ಅಂತ ಅಂಗಡೀಲೇ ನೋಡ್ಕೊಳ್ಳಿ.

ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಬೇಡ. ಹಿಂದಿನ ಸ್ಪ್ರಿಂಗಿಗೆ ಒಂದು ಲೀಫ್ (ಪಟ್ಟಿ) ಜಾಸ್ತಿ ಹಾಕ್ಸಿದ್ದೆ ನಾನು, ಖಾಲಿ ಗಾಡೀಲಿ ಹಂಪ್ ಹಾರ್ದಾಗ ಅಮ್ಮ "ಇದೇನೋ ಎತ್ತಿನ ಗಾಡಿ" ಅಂದ್ರು, ವಾರದಲ್ಲಿ ತೆಗ್ಸಿದೆ.

ಹುಕ್ಕು ಮರೀಬೇಡಿ. ಹೂತೋದಾಗ ಎಳ್ಯೋಕೆ ಚಾಸಿಗೆ ಬೋಲ್ಟ್ ಆಗಿರೋ ಗಟ್ಟಿ ಹುಕ್ಕು ಹಿಂದೆ ಮುಂದೆ ಎರಡೂ ಕಡೆ ಇರ್ಬೇಕು. ಬಂಪರಿಗೋ ಟ್ರೇಲರ್ ಸಿಗ್ಸೋ ಕಬ್ಬಿಣದ ಉಂಡೆಗೋ ಹಗ್ಗ ಕಟ್ಬೇಡಿ, ಕಿತ್ಕೊಂಡ್ ಬಂದ್ರೆ ಫಿರಂಗಿ ಗುಂಡೇ ಅದು. ಎಳ್ಯೋವಾಗ ಹಗ್ಗದ ಮಧ್ಯ ಒಂದು ಒದ್ದೆ ಗೋಣಿಚೀಲ ಹಾಕಿ, ಜನ ದೂರ ನಿಂತ್ಕೊಳ್ಲಿ.

ಬಂಪರ್ ಮುಂದೆ ಹಾಕೋ ಕಬ್ಬಿಣದ ಬುಲ್ ಗಾರ್ಡ್ ಆಸೆ ನಂಗೂ ಇತ್ತು, ಆದ್ರೆ 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಇಲಾಖೆ ಬೇಡ ಅಂದಿದೆ, ಸಿಕ್ಕಾಕ್ಕೊಂಡ್ರೆ ಫೈನು. ಅದೂ ಅಲ್ದೆ ಗುದ್ದಿದ ಏಟು ನೇರ ಚಾಸಿಗೆ ಹೋಗತ್ತೆ, ಏರ್‌ಬ್ಯಾಗ್ ಲೆಕ್ಕಾನೂ ತಪ್ಬೋದು. ಆ ದುಡ್ಡಲ್ಲಿ ಎಂಜಿನ್ ಕೆಳಗೆ ದಪ್ಪ ತಗಡಿನ ಪ್ಲೇಟು, ಅಮ್ಮನಿಗೆ ಅಗಲವಾದ ಫುಟ್‌ಸ್ಟೆಪ್ಪು ಹಾಕ್ಸಿ. ಲುಕ್ಕಿಗೆ ಟೇಲ್‌ಗೇಟಿಗೊಂದು ಮ್ಯಾಟ್ ಕಪ್ಪು ಸ್ಟಿಕರ್ ಸಾಕು, ಗಾಡಿ ಬಣ್ಣಾನೇ ಪೂರ್ತಿ ಬದಲಾಯಿಸಿದ್ರೆ ಆರ್‌ಸಿಲೂ ಬದಲಾಯಿಸ್ಬೇಕು.

ಹಿಂದಿನ ತೊಟ್ಟಿಗೆ ಪ್ಲಾಸ್ಟಿಕ್ ಲೈನರ್ ಹಾಕ್ಸಿದೋರು ವರ್ಷಕ್ಕೊಂದ್ಸಲ ಎತ್ತಿ ನೋಡಿ. ನಾನು ಎತ್ದಾಗ ಕೊಳೆತ ಸಿಲ್ವರ್ ಓಕ್ ಎಲೆ, ಕಾಫಿ ಸಿಪ್ಪೆ, ಒಂದು ಬೊಗಸೆ ನೀರು, ಅದರ ಕೆಳಗೆ ಅಂಗೈಯಗಲ ತುಕ್ಕು. ಸ್ಪ್ರೇ ಮಾಡೋ ಲೈನಿಂಗ್ ವಾಸಿ.

ಇನ್ನು ಓಡ್ಸೋದು. ಕೆಸರಿಗೆ ಇಳಿಯೋ ಮುಂಚೆ ಟಯರ್ ಗಾಳಿ 20 ಪಿಎಸ್‌ಐಗೆ ಇಳ್ಸಿ, ಟಾರಿಗೆ ಬಂದ್ ತಕ್ಷಣ ವಾಪಸ್ ತುಂಬ್ಸಿ, ಅದಕ್ಕೆ 12 ವೋಲ್ಟಿನ ಸಣ್ಣ ಪಂಪು ಸೀಟಿನ ಹಿಂದೆ ಇಟ್ಕೊಳ್ಳಿ. ಒಣ ಟಾರಲ್ಲಿ 4ಎಚ್ (ನಾಲ್ಕೂ ಚಕ್ರ ಎಳ್ಯೋ ಮಾಮೂಲಿ ಸ್ಪೀಡಿನ ಮೋಡ್) ಬೇಡ, ತಿರುವಲ್ಲಿ ಗೇರು ಬಿಗ್ಕೊಳತ್ತೆ. 4ಎಲ್ (ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳ್ಯೋ ಮೋಡ್) ಬೇಕಂದ್ರೆ ಪೂರ್ತಿ ನಿಲ್ಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಆಮೇಲೆ ನಾಬ್ ತಿರುಗ್ಸಿ, ಏರು ಶುರುವಾಗೋಕೆ ಮುಂಚೇನೇ, ಅರ್ಧ ಏರಲ್ಲಿ ಅಲ್ಲ. ಖಾಲಿ ಇದ್ರೆ ಹಿಂದಿನ ಆಕ್ಸಲ್ ಮೇಲೆ ಮೂರು ಮೂಟೆ ಮರಳು ಹಾಕಿ ಹಗ್ಗದಲ್ಲಿ ಬಿಗೀರಿ.